ಮಡಿಯ ಒಳಲೆ

ಕೂಸಿಗೆ ಕುಡಿಸುವ ಬೆಳ್ಳಿ ಒಳಲೆಯನ್ನು ಕುದಿಸಿ ಅದರಲ್ಲಿ ಹಾಲು ತಂದ ನರ್ಸ್ ನೀಲವ್ವ, ಎಂದಿನಂತೆ, ಮಡಿ ಕೆಟ್ಟೀತೆಂದು ಅದನ್ನು ಅಜ್ಜಿಯ ಕೈಗೆ ಕೊಡದೆ ಮೇಜಿನ ಮೇಲಿಡಲು ಬಗ್ಗಿದಳು. "ತಡಿ," ಎಂದರು ರಟ್ಟೀಹಳ್ಳಿಯ ಭಾಗೀರಥಿಬಾಯಿ.

ಮೊಮ್ಮಗಳು ತಿಂಗಳು ತುಂಬದೆ ಹುಟ್ಟಿದ ದಿನ, ನೀಲವ್ವ ಮುಟ್ಟಿದಳೆಂದು ಆ ಒಳಲೆಯನ್ನು ಮಡಿಗಾಗಿ ವಾರ್ಡಿನ ನಳಕ್ಕೆ ಹಿಡಿಯಲು ಹೋಗಿದ್ದರು. "ನಳದ ನೀರು ಬ್ಯಾಡ್ರಿ ಅಮ್ಮಾರ, ಕೂಸು ತಡಕೊಳ್ಳಂಗಿಲ್ಲ," ಎಂದು ನೀಲವ್ವ ಕಸಿದುಕೊಂಡಿದ್ದಳು. ಎಷ್ಟು ಬೈಸಿಕೊಂಡರೂ ಬಿಟ್ಟಿರಲಿಲ್ಲ.

ಇವತ್ತು ಡಾಕ್ಟರು ನಿಂತು ಆ ನಳವನ್ನೇ ಕೀಳಿಸಿದ್ದರು. ಯಾವ ಔಷಧಕ್ಕೂ ಬಗ್ಗದ ಕ್ರಿಮಿಗಳು ಅದರ ನೀರಲ್ಲಿ ಸಿಕ್ಕಿದ್ದವು.

ಭಾಗೀರಥಿಬಾಯಿ ನೀಲವ್ವನನ್ನು ಕೂರಿಸಿ, ಕೂಸನ್ನೆತ್ತಿ ಅವಳ ಮಡಿಲಿಗಿಟ್ಟರು. ಆಮೇಲೆ, ಉಟ್ಟ ಮಡಿಸೀರೆ ಅವಳಿಗೆ ತಾಕುವಷ್ಟು ಹತ್ತಿರ ಕೂತರು.

"ಉಳಿಸಿದಾಕಿ ನೀನ, ನನ್ನವ್ವಾ. ನೀನ ಕುಡಸು."