ಉಳಿದ ಗುಳಿಗೆ

“ಗುಳಿಗಿಗೆ ಈ ರೋಗ ಬಗ್ಗವಲ್ತು, ಮಾನಮ್ಮ. ಖರೇ ಹೇಳು, ಪೂರಾ ನುಂಗಿದಿ ಇಲ್ಲೋ?” ಡಾಕ್ಟರ್ ಮಾಧುರಿ ತಪಾಸಣೆಯ ಕಾಗದವನ್ನು ಮೇಜಿನ ಮೇಲೆ ಬಡಿದರು. ಧಾರವಾಡದ ಕಡೆಯವರು. ಪುಣೆ ಕ್ಯಾಂಪಿನ ಆ ದವಾಖಾನೆಯಲ್ಲಿ ಕನ್ನಡದಲ್ಲೇ ಬೈಸಿಕೊಳ್ಳಬಹುದೆಂದು ಮಾನಮ್ಮ ಗಂಡನನ್ನೂ ಎಳೆದುಕೊಂಡು ರಾಂಜಣಗಾಂವದಿಂದ ಬಸ್ಸು ಹತ್ತಿ ಬಂದಿದ್ದಳು.

“ಕೊಟ್ಟಷ್ಟು ನುಂಗೀನ್ರಿ. ನಮ್ಮವ್ರು ಮೆಡಿಕಲ್ಲಿಂದ ತರ್ತಾರ. ಅವ್ರಿಗೆ ಉಚ್ಚಿ ಉರಿ ನಿಂತ ಮ್ಯಾಲ ಉಳದಿದ್ದು ನನಗ ಕೊಡ್ತಾರ.”

“ಉಳದಿದ್ದು?”

“ಹೌದ್ರಿ. ಊಟಾನೂ ಹಂಗೇ ಅಲ್ರಿ, ಅವ್ರು ಉಂಡು ಬಿಟ್ಟ ತಾಟಿನ್ಯಾಗೇ ನಾ ಉಣ್ಣೋದು.” ಮದುವೆಯಾದಂದಿನಿಂದ ನಡೆದುಕೊಂಡು ಬಂದದ್ದು, ಇದರಲ್ಲಿ ಕೇಳುವಂಥದ್ದೇನಿದೆ ಎಂಬಂತೆ ನೋಡಿದಳು.

ಡಾಕ್ಟರು ಹಣೆ ಬಡಿದುಕೊಂಡರು. “ಅಯ್ಯೋ ಪುಣ್ಯಾತಗಿತ್ತಿ! ಅವನೂ ಅರ್ಧ, ನೀನೂ ಅರ್ಧ. ಸಣ್ಣಪುಟ್ಟ ಹುಳ ಸತ್ತು, ಗಟ್ಟಿ ಇದ್ದವು ಉಳದು ಬೆಳದಾವ. ಈಗ ಅವುಕ್ಕ ಆ ಗುಳಿಗಿ ಅಂದ್ರ ಬೆಲ್ಲ-ಪುಟಾಣಿ ತಿಂದಂಗ. ಇನ್ನ ಬ್ಯಾರೆ ಔಷಧದ ಸೂಜೀನೇ ಮಾಡಬೇಕು, ಇಬ್ಬರಿಗೂ. ನಿನಗೊಬ್ಬಾಕಿಗೆ ಮಾಡಿದ್ರ ಅವನಿಂದ ಮತ್ತ ಬರ್ತದ. ಹಿಂಗೇ ಬಿಟ್ಟಿ ಅಂದ್ರ ಮುಂದ ಮಕ್ಕಳಾಗೋದು ಕಷ್ಟ.”

ಮಕ್ಕಳು! ಬಂಜೆ ಎಂಬ ಮಾತನ್ನು ಅತ್ತೆಯ ಬಾಯಲ್ಲಿ ಕೇಳಿ ಕೇಳಿ ಸಾಕಾಗಿತ್ತು ಅವಳಿಗೆ. ಈಚೆಗೆ ಗಂಡನ ಬಾಯಲ್ಲೂ. ಮಾನಮ್ಮನ ಮೈಯೆಲ್ಲ ಉರಿದುಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದಳು.

ಗಂಡ ಅಂಬಣ್ಣ ಬೆಂಚಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಹೊಸ ಕಾರ್ಖಾನೆಗಳ ಗೋಡೆ ಕಟ್ಟುವ ಗೌಂಡಿ, ಇಲ್ಲಿ ಮಾತ್ರ ತಲೆ ಎತ್ತಲಾರ.

“ಏಳ್ರಿ, ನಿಮಗೂ ಸೂಜಿ ಅದ.”

“ನನಗೇನಾಗ್ಯಾದ? ಉರಿ ನಿಂತದ. ನೀ ಮಾಡಿಸ್ಕೊಂಡು ಬಾ. ಮೆಲ್ಲಕ ಮಾತಾಡು, ಮಂದಿ ಅದಾರ.”

“ಎಲ್ಲಿಂದೋ ತಂದು ನನಗ ಹಚ್ಚಿದಾಗ ಇರಲಿಲ್ಲೇನು ಈ ನಾಚಿಕಿ?”

ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ಕನ್ನಡ ಬಾರದವರಿಗೂ ಅರ್ಥವಾಗುವಂಥ ದನಿ ಅದು.

“ಬಾಯಿ ಭಾಳ ಆಯ್ತು ನಿಂದು. ಊರಿಗೆ ಕಳಿಸಿಬಿಡ್ತೀನಿ ನೋಡು!”

“ಕಳಸ್ರಿ. ಊರ ಅಗಸಿ ಬಾಗಲ ಮುಂದ ನಿಂತು, ಯಾಕ ಬಂದೀನಂತ ಊರಿಗೆಲ್ಲಾ ಕೇಳಂಗ ಹೇಳ್ತೀನಿ.”

ಅಂಬಣ್ಣ ಎದ್ದು ಒಳಗೆ ಹೋದ. “ಯಪ್ಪೋ!” ಎಂಬ ಅವನ ಕೂಗು ಕೇಳಿದಾಗ ಮಾನಮ್ಮನಿಗೆ ಬಹಳ ದಿನಗಳ ಮೇಲೆ ನಗು ಬಂತು. ಆಮೇಲೆ ತಾನೂ ಹೋಗಿ, ಕಮಕ್ ಕಿಮಕ್ ಎನ್ನದೆ ಸೂಜಿ ಮಾಡಿಸಿಕೊಂಡಳು.

ಆ ಸಂಜೆ ರಾಂಜಣಗಾಂವದ ತಮ್ಮ ತಗಡಿನ ಶೆಡ್ಡಿನಲ್ಲಿ ಅಂಬಣ್ಣ ಮುನಿಸಿಕೊಂಡೇ ಉಂಡ. ಅರ್ಧ ರೊಟ್ಟಿ, ಒಂದಿಷ್ಟು ಪಲ್ಯ ಉಳಿಸಿ, ಎಂದಿನಂತೆ ತಾಟನ್ನು ಅವಳತ್ತ ಸರಿಸಿದ. ತಲೆ ಎತ್ತಿ ನೋಡಿದರೆ ಮಾನಮ್ಮ ಎದುರಿಗೇ ಕೂತು, ಬೇರೆ ತಾಟಿನಲ್ಲಿ ಬಿಸಿ ರೊಟ್ಟಿ ಮುರಿಯುತ್ತಿದ್ದಳು. ಬರುವಾಗ ಕ್ಯಾಂಪಿನಲ್ಲಿ ಕೊಂಡ ಹೊಸ ತಾಟು. ಅಂಚಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

ಅವನು ಸರಿಸಿದ ತಾಟನ್ನು ಎಡಗೈಯಿಂದ ಹಿಂದಕ್ಕೆ ನೂಕಿದಳು.

“ಪೂರಾ ಉಣ್ರಿ,” ಎಂದಳು. “ಡಾಕ್ಟರು ಹೇಳ್ಯಾರ.”