ಬಾವಿ ತೊಳೆದ ಸೊಸೆ

ಬಣ್ಣದ ಕಾರ್ಖಾನೆಯ ವಿಷ ನೆಲದೊಳಗೆ ಇಳಿದಂದಿನಿಂದ ಆ ಸೀಮೆಯ ಬಾವಿಗಳಲ್ಲಿ ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳನ್ನು ಬಿಟ್ಟಿದ್ದರು. ದನಕ್ಕೆ ಮೇವು ಹಾಕಿದಂತೆ ಮನೆಯವರು ಅವಕ್ಕೆ ದಿನವೂ ಬೆಲ್ಲದ ನೀರು ಸುರಿಯುತ್ತಿದ್ದರು. ದ್ಯಾಮವ್ವ ಇಪ್ಪತ್ತೆರಡು ವರ್ಷ ಸುರಿದಿದ್ದಳು. ಆ ನೀರು ಕುಡಿಯುವಂತಾಗಲು ಇನ್ನೊಂದೇ ವರ್ಷ ಬಾಕಿಯಿತ್ತು.

ನಳದ ನೀರಿನ ಊರಿಂದ ಬಂದ ಹೊಸ ಸೊಸೆ ಚೆನ್ನಮ್ಮ ಹಿತ್ತಿಲಿಂದ ನಗುತ್ತ ಬಂದಳು. "ಅತ್ತಿ, ಬಾವಿ ಗಬ್ಬು ನಾರತಿತ್ತು. ಒಂದ್ ಚೀಲ ಬ್ಲೀಚಿಂಗ್ ಪೌಡರ್ ಸುರುವೀನಿ."

ದ್ಯಾಮವ್ವ ಕಟ್ಟೆಯ ಮೇಲೆ ಕುಸಿದಳು. ಊರಿಗೆಲ್ಲ ಗೊತ್ತಿದ್ದುದನ್ನು ಈಕೆಗೆ ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಈಗ ಹೇಳಿದಳು: ಆ ಪುಡಿಗೆ ಜೀವಿಗಳು ಸಾಯುತ್ತವೆ, ನೆಲದ ವಿಷ ಮತ್ತೆ ಒಸರಿ ಬಾವಿ ತುಂಬುತ್ತದೆ. ಸೊಸೆ ಅಳತೊಡಗಿದಳು.

"ಮತ್ತ ಎಷ್ಟ್ ವರ್ಷ ಬೇಕ್ರಿ?"

"ನನ್ನ ಆಯುಷ್ಯ ಸಾಲೂದಿಲ್ಲ ಬಿಡು." ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಲ್ಲಿನ ಸಂದ್ಯಾಗ ಒಂದೆರಡಾದ್ರೂ ಬದುಕಿರ್ತಾವ. ಅಳೂದು ಬಿಟ್ಟು ಬೆಲ್ಲ ಕರಗಸು. ಪಾಪ, ಹಸದಿರ್ತಾವ."