ನಳದ ಕೆಳಗೆ

ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ಬಾದಾಮಿಯ ದವಾಖಾನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಒಳಗೆ ಅವ್ವ ಹೆರಿಗೆ ನೋವಿನಲ್ಲಿದ್ದಳು. ಹೊರಗಿನ ಬೆಂಚಿನ ಮೇಲೆ ಅಪ್ಪ, ಅಜ್ಜಿ, ನಾನು. ಅಪ್ಪ ಕುರಿ ಕಾಯುವವನು. ಹಿಂಡಿಗೆ ನುಗ್ಗಿದ ತೋಳವನ್ನು ಬರೀ ಬಡಿಗೆ ಹಿಡಿದು ಓಡಿಸಿದವನೆಂದು ಊರೆಲ್ಲ ಹೇಳುತ್ತಿತ್ತು.

ನರ್ಸಬಾಯಿ ಹೊರಗೆ ಬಂದು, "ಆಕಿ ಆರಾಮ ಅದಾಳ್ರಿ. ಕೂಸು ಉಳೀಲಿಲ್ಲ," ಎಂದರು.

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿ, "ನೀ ಗಟ್ಟಿ ಇರಪಾ. ಗಂಡಸು ಕುಸದ್ರ ಮನಿ ಕುಸದಂಗ," ಎಂದಳು.

ಅಪ್ಪ "ಹ್ಞೂಂ" ಎಂದು ಎದ್ದು ಅಂಗಳದ ನಳದ ಕಡೆ ನಡೆದ. ನಾನೂ ಬೆನ್ನು ಹತ್ತಿದೆ. ನಳವನ್ನು ಪೂರ್ತಿ ತಿರುಗಿಸಿ, ಬಗ್ಗಿ ಅದರ ಕೆಳಗೆ ಮುಖ ಒಡ್ಡಿದ. ನೀರಿನ ಸದ್ದಿನೊಳಗೆ ಇನ್ನೊಂದು ಸದ್ದಿತ್ತು. ಅವನ ಅಗಲ ಬೆನ್ನು ನಡುಗುತ್ತಿತ್ತು. ಏನು ಮಾಡಬೇಕೋ ತಿಳಿಯದೆ ಅಂಗಿ ಹಿಡಿದು ಜಗ್ಗಿದೆ.

"ಏನಾತಪಾ?"

"ಏನಿಲ್ಲವಾ. ನೀರು ಭಾಳ ತಂಪ ಅದಾವ."

ಕೈ ಚಾಚಿ ನೋಡಿದೆ. ಬಿಸಿಲಿಗೆ ಕಾದ ನೀರು ಚುರುಚುರು ಸುಡುತ್ತಿತ್ತು. ನಾನೂ ಮುಖ ಒಡ್ಡಿ ಅಳತೊಡಗಿದೆ. ಅಪ್ಪ ನಳ ನಿಲ್ಲಿಸಲಿಲ್ಲ. ಸ್ವಲ್ಪ ಸರಿದು ನನಗೂ ಜಾಗ ಮಾಡಿಕೊಟ್ಟ.